ಕೆಮ್ಮಿಲ್ಲದ ಕಾರ್ಖಾನೆ

ಜೂನ್ ೭, ೧೯೫೪. ಬನಹಟ್ಟಿ

ಇಂದಿನಿಂದ ನಾನು ಚನಮಲ್ಲಪ್ಪ ಸಾವಕಾರರ ಮಗ್ಗದ ಕಾರ್ಖಾನೆಯ ನರ್ಸಬಾಯಿ. ಜಮಖಂಡಿಯಲ್ಲಿ ಬಸ್ಸು ಹತ್ತಿಸುವಾಗ ಅಣ್ಣ ಪಾಂಡುರಂಗ ಮುಖ ಸಣ್ಣದು ಮಾಡಿಕೊಂಡಿದ್ದ. “ಗುರ್ತಿಲ್ಲದ ಮಂದ್ಯಾಗ ಒಬ್ಬಾಕಿ ಹ್ಯಾಂಗ ಇರ್ತೀ ಮಥುರಾ?” ಎಂದ. “ಒಬ್ಬಾಕಿ ಎಲ್ಲಿ? ನನ್ನ ಜೋಡಿ ನನ್ನ ಬಾಯಿ ಅದ ಅಲ್ಲ” ಎಂದೆ. ಗಂಡ ಸತ್ತಾಗ ನನ್ನನ್ನು ಮೂಲೆಯಲ್ಲಿ ಕೂಡಿಸಬೇಕೆಂದವರ ಮಾತು ಕೇಳದೆ ಮಿರಜಿಗೆ ಹೋಗಿ ನರ್ಸಿಂಗ್ ಕಲಿತವಳು ನಾನು. ಮಗ್ಗದ ಸದ್ದಿಗೆ ಹೆದರುತ್ತೇನೆಯೇ?

ಸದ್ದು ಮಾತ್ರ ಹೆದರಿಸುವಂಥದ್ದೇ. ಎಣ್ಣೆಯ ಎಂಜಿನ್ ಮೇಲೆ ಓಡುವ ನಲವತ್ತು ಮಗ್ಗ ಒಂದೇ ಸೂರಿನಡಿ. ಹಗಲು ಒಂದು ಪಾಳಿ, ರಾತ್ರಿ ಒಂದು. ಅರಳೆಯ ಪುಡಿ ಗಾಳಿಯಲ್ಲಿ ಹಾರಾಡಿ ಎಲ್ಲರ ಹುಬ್ಬೂ ಬೆಳ್ಳಗಾಗಿವೆ. ಪಕ್ಕದಲ್ಲಿ ನೂಲಿನ ಚಿಂದಿ ತುಂಬುತ್ತಿದ್ದ ಕೋಣೆಗೆ ಸುಣ್ಣ ಹೊಡೆಸಿ ದವಾಖಾನೆ ಮಾಡಿಕೊಟ್ಟಿದ್ದಾರೆ. ಅದರ ಹಿಂದಿನ ಖೋಲಿಯಲ್ಲಿ ನನ್ನ ವಾಸ.

ಸಾವಕಾರರು ಸೀದಾ ಮನುಷ್ಯ. ಚಹಾ ಕೊಟ್ಟು ಎದುರಿಗೇ ಹೇಳಿದರು. “ಬಾಯಾರ, ದಿನಾ ಆರೇಳ ಮಗ್ಗ ನಿಂತಿರ್ತಾವ. ಯಾಕಂದ್ರ ಜ್ವರಾ ಅಂತಾರ, ಕೆಮ್ಮ ಅಂತಾರ. ಮಗ್ಗ ನಿಂತ್ರ ನನ್ನ ಎದಿ ನಿಂತಂಗ ಆಗತೈತಿ. ನಿಮ್ಮ ಪಗಾರ, ಔಷಧ, ದಿನಾ ಹಾಲು, ಎಲ್ಲಾ ನಾ ಕೊಡ್ತೇನಿ. ದಸರಾ ತನಕಾ ನೋಡೂಣು. ಮಗ್ಗ ಓಡಿದ್ರ ದವಾಖಾನಿ ಉಳೀತೈತಿ. ಇಲ್ಲಂದ್ರ ಕೀಲಿ ಹಾಕೂದು.”

“ದಸರಾ ಯಾಕ ಸಾವಕಾರರ? ಪಂಚಮಿಗೇ ನೋಡ್ರಿ” ಎಂದೆ. ಅವರು ನಕ್ಕರು. ನಾನು ನಗೆಗೆ ಹೇಳಿದ್ದಲ್ಲ. ಈ ಮಂದಿಗೆ ಬೇಕಾದದ್ದು ಔಷಧಕ್ಕಿಂತ ಹೆಚ್ಚಾಗಿ ಶಿಸ್ತು.

ಜೂನ್ ೧೨

ಒಬ್ಬೊಬ್ಬರನ್ನೇ ಕರೆಸಿ ಕಣ್ಣು, ನಾಲಗೆ, ಎದೆ ನೋಡಿ ಮುಗಿಸಿದೆ. ಹಗಲ ಪಾಳಿಯ ಹಿರಿಯ ನೇಕಾರ ಗುರಪ್ಪ, ರಬಕವಿಯವನು. ಅವನನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ಅವನು ಹೇಳಿದ್ದೇ ಇಲ್ಲಿ ಕಾಯಿದೆ. “ಸಂತ್ಯಾಗ ಎತ್ತ ಕೊಳ್ಳವ್ರ ನೋಡಿದಂಗ ನೋಡ್ತೀರಲಾ ಬಾಯಾರ, ಹಲ್ಲೂ ಎಣಿಸಿ ಬಿಡ್ರಿ” ಎಂದ. ಹೊರಗೆ ನಿಂತವರೆಲ್ಲ ಕಿಸಕ್ಕನೆ ನಕ್ಕರು. “ಎತ್ತಾಗಿದ್ರ ಇಷ್ಟ ಮಾತಾಡ್ತಿರ್ಲಿಲ್ಲ. ಸುಮ್ಮನ ಬಾಯಿ ತಗಿ” ಎಂದೆ. ಮುದುಕ ತೆಪ್ಪಗೆ ತೆರೆದ.

ರಾಟಿಯ ಮುಂದೆ ಕುಳಿತು ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತುವ ಹೆಂಗಸರಲ್ಲಿ ಶೇವಂತಿ ಎಂಬವಳನ್ನು ನನ್ನ ಕೋಣೆಯ ಕಸಗುಡಿಸಲು ಹಚ್ಚಿದ್ದಾರೆ. ಕೆಲಸಕ್ಕೆ ಚುರುಕು, ಬಾಯಿಗೆ ಅದಕ್ಕಿಂತ ಚುರುಕು. ನನ್ನ ನೀರಿನ ಕೊಡ ಮುಟ್ಟಬೇಡ ಎಂದು ಮೊದಲ ದಿನವೇ ತಾಕೀತು ಮಾಡಿದ್ದೇನೆ. ಸ್ವಚ್ಛತೆಯ ಸಲುವಾಗಿ, ಬೇರೆ ಏನಲ್ಲ.

ಜೂನ್ ೩೦

ಜ್ವರದ ಮೂಲ ಸಿಕ್ಕಿತು. ಎಂಜಿನ್ ತಣಿಸುವ ನೀರಿನ ಹೊಂಡದಲ್ಲಿ ಸೊಳ್ಳೆಯ ಸಂಸಾರವೇ ಇತ್ತು. ಅದನ್ನು ಬಳಿಸಿ ಎಣ್ಣೆ ಸುರಿಸಿದೆ. ಕ್ವಿನೈನ್ ಕಹಿ ಎಂದವರ ಮೂಗು ಹಿಡಿದು ಕುಡಿಸಿದೆ. ನಿಂತ ಮಗ್ಗಗಳು ಆಗಲೇ ಅರ್ಧಕ್ಕರ್ಧ ಕಡಿಮೆಯಾಗಿವೆ.

ಹಾಲಿನದೊಂದು ತಂಟೆ. ಸಂಜೆ ಕೊಡುವ ಹಾಲನ್ನು ಇವರು ಕುಡಿಯದೆ ತಂಬಿಗೆಯಲ್ಲಿ ಮನೆಗೆ ಒಯ್ಯುತ್ತಿದ್ದರು. ಇವತ್ತು ಬಾಗಿಲಲ್ಲಿ ನಿಂತು, ನನ್ನೆದುರೇ ಕುಡಿದು ಹೋಗಬೇಕು ಎಂದೆ. ಕೂಸಿರುವ ಮನೆಯವರು ಗುಟುಕು ಗುಟುಕಿಗೆ ನನ್ನ ಮುಖ ನೋಡುತ್ತಾ ಕುಡಿದರು. ನೋಡಲಿ. ಹಾಲು ಕೊಡುವುದು ಮಗ್ಗ ನಡೆಸುವವರಿಗೆ. ಸಾವಕಾರರಿಗೆ ಈ ವ್ಯವಸ್ಥೆ ಬಹಳ ಮನಸ್ಸಿಗೆ ಬಂತು.

ಜುಲೈ ೯

ಎದೆಗೆ ಕೊಳವೆ ಹಚ್ಚಿ ಕೇಳಿದಾಗ ನಾಲ್ವರ ಕೆಮ್ಮು ನನಗೆ ಸೇರಲಿಲ್ಲ. ಒಬ್ಬ ಜಕ್ಕಪ್ಪ. ಇನ್ನೂ ಮೂವತ್ತು ದಾಟದ ಆಳು, ಕುತ್ತಿಗೆಯ ಎಲುಬು ಎಣಿಸುವಂತಿವೆ. ಸಾವಕಾರರ ಬಳಿ ಹೋಗಿ ನಾಲ್ಕೂ ಹೆಸರು ಹೇಳಿದೆ. ಇದು ಕ್ಷಯದ ದಾರಿ, ಒಬ್ಬರಿಂದ ಒಬ್ಬರಿಗೆ ಹಬ್ಬುತ್ತದೆ, ಮಿರಜಿಗೆ ಕಳಿಸಿ ಎಕ್ಸ್‌ರೇ ತೆಗೆಸಬೇಕು, ಈಗ ಸೂಜಿ ಬಂದಿವೆ, ಗುಣವಾಗುತ್ತದೆ ಎಂದು ವಿವರಿಸಿದೆ. ಅವರು ಗಲ್ಲಕ್ಕೆ ಕೈ ಹಚ್ಚಿ ಎಲ್ಲಾ ಕೇಳಿದರು.

“ಛಲೋ ಆತು ಬಾಯಾರ. ಕಣ್ಣ ತೆರಸಿದ್ರಿ” ಎಂದರು. ಇಂಥ ಮಾಲೀಕರು ಎಲ್ಲರಿಗೂ ಸಿಗುವುದಿಲ್ಲ.

ಜುಲೈ ೧೦

ನಾಲ್ವರನ್ನೂ ಕೆಲಸದಿಂದ ಬಿಡಿಸಿದ್ದಾರೆ.

ಓಡಿಹೋಗಿ ಕೇಳಿದೆ. ಸಾವಕಾರರು ಸಿಟ್ಟಾಗಲೂ ಇಲ್ಲ. “ನೀವ ಹೇಳಿದ್ರೆಲಾ, ಹಬ್ಬತೈತಿ ಅಂತ? ನಾಕ ಮಂದಿ ಸಲುವಾಗಿ ಎಲ್ಲಾರ್ನೂ ಬ್ಯಾನಿಗೆ ಹಾಕ್ಲ್ಯಾ? ಮಿರಜಿ ಖರ್ಚ, ಸೂಜಿ ಖರ್ಚ, ಮ್ಯಾಲ ವರ್ಸಗಟ್ಲೆ ಕೂಡಿಸಿ ಉಣಸೂದು. ಧರ್ಮಶಾಲಿ ಇಟ್ಟಿಲ್ರಿ ನಾ” ಎಂದರು.

ಅವಸರ ಮಾಡಿದ್ದಾರೆ, ಅಷ್ಟೇ. ತಿಳಿಸಿ ಹೇಳಿದರೆ ಕೇಳುವ ಮನುಷ್ಯ. ವಾರದೊಳಗೆ ಸರಿಮಾಡುತ್ತೇನೆ.

ಜುಲೈ ೧೩

ಜಕ್ಕಪ್ಪ ಬಂದಿದ್ದ. ಒಳಗೆ ಬರಲಿಲ್ಲ, ಹೊಸ್ತಿಲಾಚೆ ನಿಂತ. ಬೈಯುತ್ತಾನೆ ಎಂದು ನಾನು ಉತ್ತರ ಜೋಡಿಸಿಕೊಂಡಿದ್ದೆ. ಅವನು ಬೈಯಲಿಲ್ಲ.

“ಇಚಲಕರಂಜಿಗೆ ಹೊಂಟೇನ್ರಿ. ಅಲ್ಲಿ ಮಗ್ಗ ಭಾಳ ಅದಾವಂತ. ಅಲ್ಲೇನ ದವಾಖಾನಿ ಇಲ್ಲಂತ್ರಿ, ಅದ ಛಲೋ ಆತು” ಎಂದು ಕೈಮುಗಿದು ಹೋದ.

ಮಧ್ಯಾಹ್ನದ ಊಟ ಸೇರಲಿಲ್ಲ. ಬೇಳೆ ಹಳೆಯದಿರಬೇಕು.

ಆಗಸ್ಟ್ ೬

ಪಂಚಮಿ ಮುಗಿಯಿತು. ಸಾವಕಾರರ ಮನೆಯಿಂದ ಶೇಂಗಾದ ಉಂಡಿ, ಅಳ್ಳಿಟ್ಟು ಬಂತು. ಅವುಗಳ ಹಿಂದೆ ಸಾವಕಾರರೇ ಬಂದರು. “ಬಾಯಾರ, ಪಂಚಮಿಗೇ ನೋಡ್ರಿ ಅಂದಿದ್ರಿ, ನೋಡೇ ಬಿಟ್ನಿ. ಒಂದ ಮಗ್ಗ ನಿಂತಿಲ್ಲ. ಕೆಮ್ಮಿನ ಸಪ್ಪಳಾನ ಇಲ್ಲ. ನಿಮ್ಮ ಕೈಗುಣ ದೊಡ್ಡದು” ಎಂದರು.

ಮಾತು ಸುಳ್ಳಲ್ಲ. ನಾನೇ ಕಾರ್ಖಾನೆಯಲ್ಲಿ ಅಡ್ಡಾಡಿ ನೋಡಿದೆ. ಒಬ್ಬರೂ ಕೆಮ್ಮುವುದಿಲ್ಲ. ಆದರೆ ಈ ತಿಂಗಳಲ್ಲಿ ನನ್ನ ಬಾಗಿಲಿಗೂ ಒಬ್ಬರೂ ಬಂದಿಲ್ಲ. ಕೆಮ್ಮಿನ ಔಷಧದ ಬಾಟ್ಲಿ ಇಳಿದೇ ಇಲ್ಲ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಅರಳೆಯ ಪುಡಿ. ಇಂಥ ತಿಂಗಳಲ್ಲಿ ನನಗೇ ನೆಗಡಿಯಾಗಿದೆ, ಇವರಿಗೆ ಒಂದು ಸೀನೂ ಇಲ್ಲವೇ? ಶೇವಂತಿಯನ್ನು ಕೇಳಿದೆ. ಅವಳು ಕಸಬರಿಗೆ ನಿಲ್ಲಿಸದೆ, “ಎಲ್ಲಾರೂ ಆರಾಮ ಅದಾರ್ರಿ. ನೀವ ಅದ ಮಾಡಾಕ ಬಂದೀರೆಲಾ?” ಎಂದಳು.

ಆ ಧ್ವನಿ ನನಗೆ ಹಿಡಿಸಲಿಲ್ಲ. ಉಂಡಿ ಮಾತ್ರ ಛಲೋ ಇತ್ತು.

ಆಗಸ್ಟ್ ೨೧

ಎಂಜಿನ್ ಖೋಲಿಯ ಹಿಂದೆ ಹೊಂಡ ನೋಡಲು ಹೋಗಿದ್ದೆ. ಎಂಜಿನ್ ಅಬ್ಬರದಲ್ಲಿ ಮನುಷ್ಯನ ಮಾತು ಮನುಷ್ಯನಿಗೆ ಕೇಳಿಸದ ಜಾಗ ಅದು. ಗುರಪ್ಪ ಗೋಡೆಗೆ ಹಣೆ ಊರಿ, ಹೊಟ್ಟೆ ಹಿಡಿದುಕೊಂಡು ಕೆಮ್ಮುತ್ತಿದ್ದ. ಬಾಯಿಗೆ ಒತ್ತಿದ ಅರಿವೆಯಲ್ಲಿ ಕೆಂಪು ಇತ್ತು. ದವಡೆಯಲ್ಲಿ ಲವಂಗ, ಬೆಲ್ಲದ ಚೂರು.

ನನ್ನನ್ನು ಕಂಡು ಅರಿವೆ ಮಡಚಿದ. ನಾನು ಕೈ ಹಿಡಿದು ಹೊರಗಿನ ಬೇವಿನ ಗಿಡದ ಕೆಳಗೆ ಕರೆದುಕೊಂಡು ಬಂದೆ.

“ಎಷ್ಟ ದಿನಾ ಆತು?”

“ಏನ್ರಿ?”

“ಗುರಪ್ಪ, ನನ್ನ ಮುಂದ ನಾಟಕ ಮಾಡಬ್ಯಾಡ.”

“ನಾ ಒಬ್ನ ಅಲ್ರಿ ಬಾಯಾರ. ಎಲ್ಲಾರೂ ಇಲ್ಲೇ ಬರ್ತಾರ, ಪಾಳಿ ಹಚ್ಚಿ. ಈಗ ನಮ್ಮ ದವಾಖಾನಿ ಇದ ನೋಡ್ರಿ, ಎಂಜಿನ್ ಖೋಲಿ. ನಾವ ಕೆಮ್ಮಿದ್ದ ಕೇಳತೈತಿ. ಯಾರಿಗೂ ಹೇಳೂದಿಲ್ಲ.”



ಆಗಸ್ಟ್ ೨೩

ನಿನ್ನೆ ದಿನವೆಲ್ಲ ಸಿಟ್ಟಿನಲ್ಲೇ ಕಳೆಯಿತು. ಸಿಟ್ಟು ಯಾರ ಮೇಲೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಇವತ್ತು ಮನಸ್ಸು ಗಟ್ಟಿಯಾಗಿದೆ. ಸಿಟ್ಟಿಗಿಂತ ಕೆಲಸ ವಾಸಿ. ಗುರಪ್ಪನನ್ನು ಮಿರಜಿಗೆ ಕರೆದೊಯ್ಯುತ್ತೇನೆ. ಮಗಳ ಊರಿಗೆ ಹೋಗುತ್ತೇನೆಂದು ಅವನು ರಜೆ ಕೇಳಲಿ. ಔಷಧ ತರಲು ಹೋಗುತ್ತೇನೆಂದು ನಾನು ಹೇಳುತ್ತೇನೆ. ನನ್ನ ಮಾತಾದರೂ ಖರೆಯೇ ಇದೆಯಲ್ಲ.

ಸೆಪ್ಟೆಂಬರ್ ೫

ಕಳೆದ ವಾರ ಮಿರಜಿಯಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ಗುರಪ್ಪನ ಎದೆಯ ಬಲಗಡೆ ಮೇಲೆ ಒಂದು ಕಲೆ ಬಂತು. ಡಾಕ್ಟರು ಸ್ಟ್ರೆಪ್ಟೋಮೈಸಿನ್ ಬರೆದುಕೊಟ್ಟರು, ಬೇಗ ಹಿಡಿದಿದ್ದೀರಿ ಎಂದರು. ಅಂದಿನಿಂದ ದಿನ ಬಿಟ್ಟು ದಿನ ಸಂಜೆ ರಬಕವಿಗೆ ನಡೆದುಹೋಗಿ ಗುರಪ್ಪನ ಮನೆಯಲ್ಲೇ ಸೂಜಿ ಹಾಕಿ ಬರುತ್ತೇನೆ. ಸೂಜಿಯ ಹಣಕ್ಕೆ ನನ್ನ ಬಂಗಾರದ ಪಾಟ್ಲಿ ಹೋದವು. ಬರಿಗೈ ಹಗುರಾಗಿದೆ, ಕೆಲಸಕ್ಕೆ ಅನುಕೂಲವೇ.

ಆ ಮನೆಯಲ್ಲಿ ಇವತ್ತು ಒಂದು ಸಂಗತಿ ಕಂಡೆ. ಗುರಪ್ಪನ ಲೋಟ, ತಾಟು ಬೇರೆ. ಲೋಟಕ್ಕೆ ಹಗ್ಗ ಕಟ್ಟಿ ಗೂಟಕ್ಕೆ ತೂಗುಹಾಕಿದ್ದಾರೆ. ಮೊಮ್ಮಗಳು ಹತ್ತಿರ ಬಂದರೆ ತಾನೇ ದೂರ ಸರಿಯುತ್ತಾನೆ. “ನನ್ನ ಎಂಜಲ ಯಾರಿಗೂ ಹತ್ತಬಾರ್ದ್ರಿ” ಎನ್ನುತ್ತಾನೆ. ಯಾರೂ ಹೇಳಿಕೊಟ್ಟದ್ದಲ್ಲ. ಅವನ ಹೆಂಡತಿ ಚಹಾ ಕೊಟ್ಟಳು. ಬೆಲ್ಲದ ಚಹಾ, ಶುಂಠಿ ಸ್ವಲ್ಪ ಹೆಚ್ಚಾಗಿತ್ತು, ಇನ್ನೊಂದು ಲೋಟ ಕೇಳಿ ಕುಡಿದೆ.

ಸೆಪ್ಟೆಂಬರ್ ೬

ನನಗೆ ಕಣ್ಣಿದ್ದವೋ ಇಲ್ಲವೋ! ಮೂರು ತಿಂಗಳಿಂದ ನೋಡುತ್ತಿದ್ದದ್ದು ಇವತ್ತು ಕಂಡಿತು.

ಹಗಲ ಪಾಳಿ ಬಿಟ್ಟು ರಾತ್ರಿ ಪಾಳಿ ಬರುವ ಹೊತ್ತಿಗೆ ಗುರಪ್ಪನ ಮಗ್ಗದ ಹತ್ತಿರವೇ ನಿಂತಿದ್ದೆ. ನೂಲು ಮುಗಿದ ಲಾಳಿ ತೆಗೆದ, ಹೊಸ ಕಂಡಿಕೆ ಹಾಕಿದ, ಲಾಳಿಯ ಕಣ್ಣಿಗೆ, ನೂಲು ಹೊರಬೀಳುವ ಆ ಸಣ್ಣ ತೂತಿಗೆ, ಬಾಯಿ ಹಚ್ಚಿ ಚುರ್ರನೆ ಎಳೆದ, ಎಳೆ ಹೊರಗೆ ಬಂತು. ಎಲ್ಲರೂ ಹಾಗೇ ಎಳೆಯುವುದು, ದಿನಕ್ಕೆ ನೂರು ಸಲ. ಆಮೇಲೆ ರಾತ್ರಿ ಪಾಳಿಯವನು ಬಂದ. ಗುರಪ್ಪ ಅದೇ ಲಾಳಿ ಅವನ ಕೈಗೆ ಕೊಟ್ಟ. ಕಂಡಿಕೆ ಮುಗಿಯಿತು, ಅವನೂ ಬಾಯಿ ಹಚ್ಚಿದ.

ಗುರಪ್ಪನನ್ನು ಹೊರಗೆ ಕರೆದೆ. “ಮನ್ಯಾಗ ಲೋಟಾ ಗೂಟಕ್ಕ ಹಾಕ್ತೀ. ಇಲ್ಲಿ ನಿನ್ನ ಎಂಜಲಾ ಅವನ ಬಾಯಿಗೆ ಇಟ್ಟಿ ಅಲ್ಲ!”

ಅವನಿಗೆ ನಾನು ಏನು ಹೇಳುತ್ತಿದ್ದೇನೆಂದೇ ತಿಳಿಯಲಿಲ್ಲ. “ಲಾಳಿಗೆ ಎಂಜಲ ಇಲ್ರಿ ಬಾಯಾರ. ಅದು ದೇವ್ರು. ಹಣಿಗೆ ಹಚಿಗೊಂಡ ಕೆಲಸಕ್ಕ ನಿಂದ್ರತೇವಿ” ಎಂದ. ಒಬ್ಬರ ತಂಬಿಗೆಯ ನೀರು ಇನ್ನೊಬ್ಬರು ಕಚ್ಚಿ ಕುಡಿಯದ ಜನ ಇವರು. ನಾನು ಹೇಳುತ್ತ ಹೋದ ಹಾಗೆ ಅವನ ಮುಖ ಇಳಿಯಿತು. ಕೊನೆಗೆ ಒಂದೇ ಮಾತು ಕೇಳಿದ. “ಜಕ್ಕಪ್ಪ ನನ್ನ ಮಗ್ಗದ ಮ್ಯಾಲ ರಾತ್ರಿ ಪಾಳಿ ಮಾಡ್ತಿದ್ದಾರಿ. ಹಂಗಾರ ಅವಂಗ ನಾ ಕೊಟ್ನ್ಯಾ, ನನಗ ಅವಾ ಕೊಟ್ನಾ?”

ಅದು ಯಾವ ಎಕ್ಸ್‌ರೇಯಲ್ಲೂ ಬರುವುದಿಲ್ಲ ಎಂದೆ.

ಸೆಪ್ಟೆಂಬರ್ ೧೦

ಸಾವಕಾರರ ಮುಂದೆ ಕುಳಿತು ಎಲ್ಲಾ ಹೇಳಿದೆ. ಪ್ರತಿಯೊಬ್ಬನಿಗೂ ಅವನವೇ ಲಾಳಿ ಬೇಕು, ಎರಡೂ ಪಾಳಿಗೆ ಬೇರೆ ಬೇರೆ. ಎಳೆ ಎಳೆಯಲು ತಂತಿಯ ಕೊಕ್ಕೆ ಬೇಕು. ಬಿಡಿಸಿದ ನಾಲ್ವರನ್ನು ಕರೆಸಿ, ಔಷಧ ಕೊಡಿಸಿ, ಹೊರಗಿನ ಗಾಳಿಯಲ್ಲಿ ಹಾಸಿನ ಉದ್ದೆಳೆ ಹಚ್ಚುವ ಕೆಲಸ ಕೊಡಬೇಕು.

“ಲಾಳಿ ಅಂದ್ರ ಬದನೀಕಾಯಿ ಅಲ್ರಿ ಬಾಯಾರ, ಹೋಗಿ ಬುಟ್ಟಿ ತುಂಬ ತರಾಕ. ಕೊಕ್ಕಿಲೆ ಎಳ್ಕೋತ ಕುಂತ್ರ ಮಗ್ಗ ಎಷ್ಟೊತ್ತ ನಿಂದ್ರಬೇಕು? ನಾ ಏಳ ವರ್ಸದಾಂವ ಇದ್ದಾಗಿಂದ ಬಾಯಿಲೆ ಎಳದೇನಿ. ಏನಾಗೇತಿ ನನಗ?” ಎದೆ ಗುದ್ದಿಕೊಂಡು ತೋರಿಸಿದರು. ಆಮೇಲೆ ಥಟ್ಟನೆ ಕಣ್ಣು ಸಣ್ಣದು ಮಾಡಿ, “ಅಂದ್ರ ಇನ್ನೂ ಯಾರಿಗೋ ಐತಿ?” ಎಂದರು.

“ಅದ.”

“ಯಾರಿಗೆ?”

“ಹೇಳೂದಿಲ್ರಿ.”

“ಪಗಾರ ನಂದು, ಔಷಧ ನಂದು, ಹೆಸರ ಅಷ್ಟ ನಂದಲ್ಲೇನು?”

“ಮೊದ್ಲ ನಾಕ ಹೆಸರ ಕೊಟ್ಟಿದ್ದೆ ಅಲ್ರಿ. ಏನ ಮಾಡಿದ್ರಿ?”

ಸಾವಕಾರರು ಗಡುವು ಹಾಕಿದರು. ದಸರೆಯೊಳಗೆ ಹೆಸರು ಹೇಳಿದರೆ ಸರಿ, ಇಲ್ಲದಿದ್ದರೆ ದಸರೆಯ ಮಾರನೆಯ ದಿನ ದವಾಖಾನೆಗೆ ಕೀಲಿ, ನಾನು ಜಮಖಂಡಿಗೆ ಎಂದರು. ಆಗಲಿ ಎಂದು ಎದ್ದು ಬಂದೆ.

ಸೆಪ್ಟೆಂಬರ್ ೧೯

ಕೊಕ್ಕೆ ನಾನೇ ಮಾಡಿಸಿದೆ, ಹಿತ್ತಾಳೆ ತಂತಿಯದು. ಒಬ್ಬರೂ ಮುಟ್ಟಲೊಲ್ಲರು. ನೇಯ್ದಷ್ಟಕ್ಕೆ ಕೂಲಿ. ಕೊಕ್ಕೆ ಹಿಡಿದವನು ಹಿಂದೆ ಬೀಳುತ್ತಾನೆ. ತಪ್ಪು ಅವರದಲ್ಲ, ಸಂಜೆ ಮನೆಗೆ ಹೋಗಿ ಹೆಂಡತಿಗೆ ಕೂಲಿಯ ಬದಲು ಕೊಕ್ಕೆ ತೋರಿಸಲಾಗುತ್ತದೆಯೇ? ಗುರಪ್ಪ ಒಬ್ಬನೇ ಹಟ ಹಿಡಿದು ನಡೆಸಿದ್ದಾನೆ. “ಕಾಕಾಗ ವಯಸ್ಸಾತು, ಹಲ್ಲ ಬಿದ್ವು” ಎಂದು ಹುಡುಗಾಟ ಮಾಡುತ್ತಾರೆ. ಅವನೂ ನಗುತ್ತಾನೆ.

ಶೇವಂತಿ ಇವತ್ತು ನೀರು ತುಂಬಿಟ್ಟು ಹೋಗುವಾಗ ಕೇಳಿದಳು. “ನೀವ ಹೋದ ಮ್ಯಾಲ ಕಾಕಾಗ ಸೂಜಿ ಯಾರ ಹಾಕ್ತಾರ್ರಿ?” ಈಕೆಗೆ ಎಲ್ಲಾ ಗೊತ್ತು. ಎಲ್ಲರಿಗೂ ಗೊತ್ತಿರಬೇಕು. ಸಾವಕಾರರಿಗೆ ಮಾತ್ರ ಒಬ್ಬರೂ ಹೇಳಿಲ್ಲ.

ಸೆಪ್ಟೆಂಬರ್ ೩೦

ಪಾಂಡುರಂಗ ಬಂದಿದ್ದ. ಊರಲ್ಲಿ ಸುದ್ದಿ ಹಬ್ಬಿದೆಯಂತೆ. “ಒಂದ ಹೆಸರ ಹೇಳಿ ನೌಕರಿ ಉಳಿಸ್ಕೊ. ಅಂಥಾ ಪಗಾರ ಜಮಖಂಡಿಯೊಳಗ ಯಾರ ಕೊಡ್ತಾರ?” ಎಂದ.

“ಹೇಳಿದ್ರ ನಮ್ಮ ಮಂದಿ ಮತ್ತ ಎಂದೂ ಬಾಯಿ ತಗಿಯೂದಿಲ್ಲ.”

“ಯಾರು ನಿಮ್ಮ ಮಂದಿ?” ಎಂದು ಕೇಳಿ ನಗತೊಡಗಿದ. ಅದರಲ್ಲಿ ನಗುವಂಥದ್ದು ಏನಿತ್ತೋ. ಕಾರ್ಖಾನೆಯವರು ಎಂದೆ.

ಟ್ರಂಕು ಕಟ್ಟಿಟ್ಟಿದ್ದೇನೆ. ಸೂಜಿಗಳ ಚಿಂತೆ ಇಲ್ಲ, ದಿನ ಬಿಟ್ಟು ದಿನ ಜಮಖಂಡಿಯಿಂದ ಬಸ್ಸಿಗೆ ಬಂದು ಹಾಕಿ ಹೋದೇನು. ದುಃಖ ಆಗುವುದು ದವಾಖಾನೆಗೆ. ಈ ಕೋಣೆಗೆ ಮತ್ತೆ ಚಿಂದಿ ತುಂಬುತ್ತಾರೆ. ಅದನ್ನು ನೆನೆಸಿಕೊಂಡರೆ ಅಳು ಬರುತ್ತದೆ, ಬಂತು ಕೂಡ.

ಅಕ್ಟೋಬರ್ ೭. ದಸರಾ

ಇವತ್ತಿನದನ್ನು ಬಿಡದೆ ಬರೆಯಬೇಕು.

ಇಲ್ಲಿಯ ಪದ್ಧತಿ ಹೀಗೆ. ಖಂಡೆಪೂಜೆಯ, ಎಂದರೆ ಆಯುಧಪೂಜೆಯ, ದಿನ ಎಲ್ಲಾ ಮಗ್ಗಕ್ಕೂ ಪೂಜೆ, ರಜೆ. ಮರುದಿನ ಬೆಳಿಗ್ಗೆ ಸಾವಕಾರರು ತಮಗೆ ತೋಚಿದ ಮಗ್ಗದ ಲಾಳಿ ಎತ್ತಿಕೊಂಡು, ಕಂಡಿಕೆ ಹಾಕಿ, ಮೊದಲ ಎಳೆಯನ್ನು ತಮ್ಮ ಬಾಯಿಂದ ಎಳೆದು ಇಡುತ್ತಾರೆ. ಆಮೇಲೆಯೇ ಎಂಜಿನ್ ಹಚ್ಚುವುದು. ಎಷ್ಟೇ ದೊಡ್ಡವನಾದರೂ ತಾನು ನೇಕಾರನ ಮಗ ಎಂದು ತೋರಿಸುವುದು ಅದು. ಎರಡೂ ಪಾಳಿಯವರು ಹೊಸ ಅಂಗಿ ತೊಟ್ಟು ನಿಂತಿದ್ದರು. ಜಮಖಂಡಿ, ಮುಧೋಳದಿಂದ ಬಂದ ವ್ಯಾಪಾರಸ್ಥರು ಕುರ್ಚಿಯ ಮೇಲೆ ಕುಳಿತಿದ್ದರು. ನಾನು ನನ್ನ ಬಾಗಿಲ ಹತ್ತಿರ ನಿಂತಿದ್ದೆ, ಹೋಗುವವಳು ನಡುವೆ ಯಾಕೆ ಎಂದು.

ಸಾವಕಾರರು ಅತಿಥಿಗಳಿಗೆ ಕೇಳುವಂತೆ ಹೇಳಿದರು. “ನಮ್ಮಲ್ಲೆ ದವಾಖಾನಿ ಐತಿ, ಹಾಲ ಕೊಡ್ತೇನಿ. ಮೂರ ತಿಂಗಳಾತು, ಒಬ್ಬಾಂವ ಕೆಮ್ಮಿಲ್ಲ.” ಅತಿಥಿಗಳು ತಲೆದೂಗಿದರು. ಸಾವಕಾರರು ಒಂದು ಲಾಳಿ ಎತ್ತಿಕೊಂಡರು, ಹಣೆಗೆ ಹಚ್ಚಿದರು, ಕಂಡಿಕೆ ಹಾಕಿದರು. ಬಾಯಿಯ ತನಕ ಒಯ್ದರು.

ಅಲ್ಲೇ ಕೈ ನಿಂತಿತು.

ಲಾಳಿಯ ಕಣ್ಣನ್ನು ನೋಡಿದರು. ಅದರ ಸುತ್ತ ಮರ ಸವೆದು ನುಣ್ಣಗಾಗಿತ್ತು, ಎಷ್ಟೋ ಬಾಯಿಗಳಿಂದ. ತಲೆ ಎತ್ತಿ ಸಾಲಾಗಿ ನಿಂತವರ ಮುಖ ಒಂದೊಂದೇ ನೋಡಿದರು. ಯಾರೂ ಕಣ್ಣು ತಗ್ಗಿಸಲಿಲ್ಲ. ಕೊನೆಗೆ ನನ್ನನ್ನು ನೋಡಿದರು. ಯಾರ ಲಾಳಿ ಇದು ಎಂದು ಕೇಳುತ್ತಿದ್ದರು, ಬಾಯಿ ಬಿಡದೆ. ನಾನು ಮುಖದಲ್ಲಿ ಏನೂ ತೋರಿಸಲಿಲ್ಲ. ನನಗೂ ಗೊತ್ತಿರಲಿಲ್ಲ.

“ಯಾಕೋ ಕಣ್ಣ ಮಂಜಾಗ್ಯಾವ. ಎಳಿ ಕಾಣವಲ್ದು” ಎಂದರು. ಧ್ವನಿ ಸಣ್ಣದಾಗಿತ್ತು.

ಎಲ್ಲರಿಗೂ ತಿಳಿಯಿತು. ಯಾರೂ ನಗಲಿಲ್ಲ. ಆಗ ಗುರಪ್ಪ ಮುಂದೆ ಬಂದ. “ತರ್ರಿ ಸಾವಕಾರ್ರ, ನಾ ಎಳದ ಕೊಡ್ತೇನಿ” ಎಂದು ಲಾಳಿ ತೆಗೆದುಕೊಂಡು, ನನ್ನ ಕಡೆ ನೋಡದೆ, ಬಾಯಿ ಹಚ್ಚಿ ಚುರ್ರನೆ ಎಳೆದ. ಅತಿಥಿಗಳ ಮುಂದೆ ಮಾಲೀಕರ ಮಾನ ಹೋಗಬಾರದಲ್ಲ. ಎಳೆ ಹೊರಗೆ ಬಂತು, ಅದರ ಜೊತೆ ಪುಡಿ ಗಂಟಲಿಗೆ ಹೋಯಿತು. ಮುಖ ಕೆಂಪಾಯಿತು. ತಡೆದ. ಎಂಜಿನ್ ಖೋಲಿಯ ಕಡೆ ನಾಲ್ಕು ಹೆಜ್ಜೆ ಇಟ್ಟ. ಆದರೆ ಎಂಜಿನ್ ಇನ್ನೂ ಹಚ್ಚಿರಲಿಲ್ಲ. ಕಾರ್ಖಾನೆಯಲ್ಲಿ ಉಸಿರು ಕೇಳಿಸುವಷ್ಟು ಶಾಂತ. ಗುರಪ್ಪ ಮಗ್ಗದ ಕಟ್ಟಿಗೆ ಹಿಡಿದುಕೊಂಡು ಕೆಮ್ಮಿದ. ಕೆಮ್ಮುತ್ತಲೇ ಇದ್ದ.

ಹಿಂದಿನ ಸಾಲಿನಲ್ಲಿ ಇನ್ನೊಬ್ಬ ಬಾಯಿಗೆ ಕೈ ಒತ್ತಿಕೊಂಡಿದ್ದವನು ತಡೆಯಲಾರದೆ ಕೆಮ್ಮಿದ. ಆಮೇಲೆ ಕಂಬದ ಹತ್ತಿರದವನು. ರಾಟಿಯ ಹೆಂಗಸರಲ್ಲಿ ಒಬ್ಬಳು. ಶೇವಂತಿ! ಮೂರು ತಿಂಗಳು ನುಂಗಿದ್ದೆಲ್ಲ ಹೊರಗೆ ಬಂತು. ಕೆಲವರು ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದರು. ಕೆಮ್ಮು ಇಲ್ಲದ ಇಬ್ಬರು ಮೂವರು ಸುಮ್ಮಸುಮ್ಮನೆ ಕೆಮ್ಮಿದರೆಂದು ನನ್ನ ಅನುಮಾನ, ಅವರ ಕಾಲಿಗೆ ಬೀಳಬೇಕೆನಿಸಿತು. ಅತಿಥಿಗಳು ಮೂಗಿಗೆ ಶಲ್ಯ ಹಚ್ಚಿ ಎದ್ದು ನಿಂತರು.

ನಾನು ಯಾವಾಗ ನಡುವೆ ಬಂದೆನೋ ನೆನಪಿಲ್ಲ. ಗುರಪ್ಪ ಕಾಕಾನ ಬೆನ್ನಿಗೆ ಕೈ ಹಚ್ಚಿ ಹಿಡಿದುಕೊಂಡಿದ್ದೆ. ಸಾವಕಾರರು ನಿಂತಲ್ಲೇ ನಿಂತಿದ್ದರು. ಎಂಜಿನ್ ಹಚ್ಚು ಎಂದು ಯಾರಾದರೂ ಹೇಳಲೆಂದು ಎಂಜಿನ್ನಿನವನು ಕಾಯುತ್ತಿದ್ದ, ಯಾರೂ ಹೇಳಲಿಲ್ಲ.

ಅಕ್ಟೋಬರ್ ೯

ನಿನ್ನೆ ಕೀಲಿ ಹಾಕಲು ಯಾರೂ ಬರಲಿಲ್ಲ. ಇವತ್ತು ಸಾವಕಾರರೇ ಬಂದರು, ರೋಗಿಗಳು ಕೂಡುವ ಬಾಕಿನ ಮೇಲೆ ಕುಳಿತರು.

“ನಾ ಬಾಯಿಗೆ ಹಚ್ಚಲಿಲ್ಲ. ನೋಡಿದ್ರೆಲಾ?”

“ನೋಡಿದೆ.”

“ಎಲ್ಲಾರೂ ನೋಡಿದ್ರು.”

“ಹೌದ್ರಿ.”

“ನಮ್ಮಪ್ಪ ಇದ್ರ ಮಾರಿ ಮ್ಯಾಲ ಉಗಳ್ತಿದ್ದ.” ಆಮೇಲೆ ಕೇಳಿದರು. “ಲಾಳಿ ಎಷ್ಟ ಬೇಕಾಗ್ತಾವ?”

ಸುಮ್ಮನೆ ಕೊಡುವ ಮನುಷ್ಯ ಅಲ್ಲ, ಚೌಕಾಸಿ ಮಾಡಿಯೇ ಮಾಡಿದರು. ಲಾಳಿ, ಕೊಕ್ಕೆ ತರಿಸುತ್ತಾರೆ. ಕೊಕ್ಕೆ ಹಿಡಿದು ಕೂಲಿ ಕಡಿಮೆಯಾದರೆ ಹೋಳಿಯ ತನಕ ತುಂಬಿಕೊಡುತ್ತಾರೆ. “ಹೋಳಿಯೊಳಗ ಕೈಗೆ ರೂಢಿ ಆಗತೈತಿ” ಎನ್ನುತ್ತಾರೆ, ಅದು ಖರೆ. ಹಾಲು ಇನ್ನು ಮೇಲೆ ಬೇನೆ ಇದ್ದವರಿಗೆ ಮಾತ್ರ. ನನ್ನ ಪಗಾರದಲ್ಲೂ ಕಾಲು ಭಾಗ ಕಡಿತ ಎಂದರು. ಮನೆಗೆ ಒಯ್ಯುವವರು ಹಾಲು ಒಯ್ಯಲಿ, ನಾನು ಬಾಗಿಲಲ್ಲಿ ನಿಲ್ಲುವುದಿಲ್ಲ, ಅದನ್ನು ಒಪ್ಪಿದರೆ ಕಡಿತ ನಾನೂ ಒಪ್ಪುತ್ತೇನೆ ಎಂದೆ. ಒಪ್ಪಿದರು.

“ಹೆಸರ?” ಎಂದೆ ನಾನೇ.

“ಯಾವ ಹೆಸರ ಕೇಳ್ಲಿ ಬಾಯಾರ, ಎಲ್ಲಾರೂ ಕೆಮ್ಮಿದ್ರೆಲಾ!”

ಬಿಡಿಸಿದ ನಾಲ್ವರನ್ನು ಮರಳಿ ಕರೆಸಲೂ ಒಪ್ಪಿದರು. ಅವರಲ್ಲಿ ಇಬ್ಬರು ಸಿಕ್ಕಿದ್ದಾರೆ. ಇನ್ನೊಬ್ಬ ಗಲಗಲಿಯಲ್ಲಿ ಹೆಂಡತಿಯ ತವರಿನಲ್ಲಿದ್ದಾನೆ, ಹೇಳಿಕಳಿಸಿದ್ದೇವೆ. ಜಕ್ಕಪ್ಪನ ಸುಳಿವಿಲ್ಲ. ಇಚಲಕರಂಜಿಯಲ್ಲಿ ಎಷ್ಟು ಮಗ್ಗವಿದ್ದರೂ ಇರಲಿ, ಬರುವ ವಾರ ಹೋಗಿ ಒಂದೊಂದೇ ಕಾರ್ಖಾನೆ ನೋಡುತ್ತೇನೆ. ಎಂಜಿನ್ ಖೋಲಿಗಳ ಹಿಂದೆ ಮೊದಲು ನೋಡುತ್ತೇನೆ.

ಅಕ್ಟೋಬರ್ ೧೧

ಬೆಳಿಗ್ಗೆ ಬಾಗಿಲು ತೆಗೆದರೆ ಗುರಪ್ಪ ಕಾಕಾ ನಿಂತಿದ್ದರು. ಜುಲೈ ತಿಂಗಳಿಂದ ಈ ಹೊಸ್ತಿಲು ದಾಟಿದ ಮೊದಲ ರೋಗಿ. ಅವರ ಹಿಂದೆ ಇನ್ನೂ ಕೆಲವರು, ಒಬ್ಬರ ಬೆನ್ನಿಗೆ ಒಬ್ಬರು ಅಡಗಿಕೊಂಡಂತೆ.

ಬಾಕಿನ ಮೇಲೆ ಕುಳಿತು ಅಂಗಿಯ ಗುಂಡಿ ಬಿಚ್ಚಿದರು. ಎದುರಿಗೇ ಅಂಗಳದಲ್ಲಿ ಸಾವಕಾರರು ಕುರ್ಚಿ ಹಾಕಿಕೊಂಡು ನೂಲಿನ ವ್ಯಾಪಾರಿಯೊಡನೆ ಮಾತಾಡುತ್ತಿದ್ದರು. ಅದನ್ನು ನೋಡಿ ಕಾಕಾ ಎದ್ದರು.

“ಬಾಗಲಾ ಹಾಕ್ಲ್ಯಾರಿ?”

“ಬ್ಯಾಡ್ರಿ. ತಗದೇ ಇರ್ಲಿ. ಕೂಡ್ರಿ, ಕೆಮ್ಮ್ರಿ.”

“ಹಿಂಗ ಕೆಮ್ಮಲ್ಯಾ? ಕೇಳತೈತೆಲ್ರಿ ಅವ್ರಿಗೆ.”

“ಕೇಳ್ಲಿ. ಜೋರಾಗೇ ಕೆಮ್ಮ್ರಿ ಕಾಕಾ.”

ಅವರು ಕೆಮ್ಮಿದರು. ಸಾವಕಾರರು ತಲೆ ಎತ್ತಿ ಈ ಕಡೆ ನೋಡಿದರು. ಆಮೇಲೆ ವ್ಯಾಪಾರಿಗೆ, ಸ್ವಲ್ಪ ದನಿ ಎತ್ತಿ ಮಾತಾಡು ಎಂದರು.